ಅಕಾಲದ ಅಪ್ಪಣೆ

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಅವು ಬಲಿಯದಿರುವುದು ಶಕ್ತಿ ಸಾಲದೆ ಅಲ್ಲ; ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯ ಅಪ್ಪಣೆಯಿಲ್ಲದೆ. ಗೊನಡೊಟ್ರೋಪಿನ್ ಎಂಬ ಹಾರ್ಮೋನುಗಳೇ ಆ ಅಪ್ಪಣೆ. 1927ರಲ್ಲಿ ಬರ್ಲಿನ್ನಿನ ಆಷ್‌ಹೈಮ್ ಮತ್ತು ಝೊಂಡೆಕ್ ಎಳೆಯ ಹೆಣ್ಣಿಲಿಗಳ ಮೈಯೊಳಗೆ ಈ ಗ್ರಂಥಿಯ ತುಣುಕನ್ನಿರಿಸಿದರು. ಕೆಲವೇ ದಿನಗಳಲ್ಲಿ ಅವುಗಳ ಅಂಡಾಶಯಗಳು ಬಲಿತವು.

ಮನುಷ್ಯರ ಮಗುವಿನಲ್ಲಿಯೂ ಹೀಗೆಯೇ. ಎಂಟು ತುಂಬುವ ಮುನ್ನವೇ ಅಪ್ಪಣೆ ಬಂದರೆ ಅಂಡಾಶಯ ವಯಸ್ಸನ್ನು ವಿಚಾರಿಸದೆ ತಲೆಬಾಗುತ್ತದೆ. ಹುಡುಗಿ ಥಟ್ಟನೆ ಎತ್ತರವಾಗುತ್ತಾಳೆ. ‘ಎಷ್ಟು ಚೆನ್ನಾಗಿ ಬೆಳೆದಿದ್ದಾಳೆ!’ ಎನ್ನುವ ನೆಂಟರಿಗೇನು ಕಡಿಮೆ? ಆದರೆ ಮೂಳೆಗಳ ಬೆಳವಣಿಗೆ ಬೇಗನೆ ಮುಗಿದು ಆಕೆ ಕುಳ್ಳಾಗಿ ಉಳಿಯಬಹುದು. 1980ರ ದಶಕದಿಂದ ಇದಕ್ಕೆ ಮದ್ದುಂಟು: ಗ್ರಂಥಿಯನ್ನು ಪ್ರಚೋದಿಸುವ ಸಂದೇಶವನ್ನೇ ಎಡೆಬಿಡದೆ ಒದಗಿಸಿದರೆ ಗ್ರಂಥಿ ಅದಕ್ಕೆ ಕಿವುಡಾಗುತ್ತದೆ. ತಕ್ಕ ವಯಸ್ಸಿನಲ್ಲಿ ಚುಚ್ಚುಮದ್ದು ನಿಲ್ಲಿಸಿದರೆ ಅಂಡಾಶಯ ಮತ್ತೆ ಕಣ್ತೆರೆಯುತ್ತದೆ.