ವಕ್ಕಲೇರಿಯಲ್ಲಿ ಒಂದು ದಿನ

ಕೋಲಾರದಿಂದ ಮಾಲೂರಿನ ದಿಕ್ಕಿಗೆ ಹೊರಟ ನಾವು ವಕ್ಕಲೇರಿಯನ್ನು ಸೇರಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಮಾರ್ಕಂಡೇಶ್ವರಸ್ವಾಮಿಯ ಬೆಟ್ಟವನ್ನು ಹತ್ತಿ ದರ್ಶನ ಮಾಡಿಕೊಳ್ಳಬೇಕು, ಚರಿತ್ರೆಯಲ್ಲಿ ಈ ಊರಿನ ಹೆಸರನ್ನು ನಿಲ್ಲಿಸಿದ ತಾಮ್ರಶಾಸನವು ದೊರೆತ ನೆಲವನ್ನು ಕಣ್ಣಾರೆ ನೋಡಬೇಕು ಎಂಬುದಷ್ಟೇ ನಮ್ಮ ಉದ್ದೇಶವಾಗಿತ್ತು.

ಆ ಶಾಸನದ ಕಥೆಯನ್ನು ಮೊದಲು ಹೇಳಿಬಿಡುವೆವು. ಅದು ಬಾದಾಮಿ ಚಾಲುಕ್ಯರ ಕಡೆಯ ಅರಸನಾದ ಎರಡನೆಯ ಕೀರ್ತಿವರ್ಮನು ಕ್ರಿ. ಶ. 757ರಲ್ಲಿ ಹೊರಡಿಸಿದ ದಾನಪತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಸ್ ಸಾಹೇಬರು ಇದನ್ನು ಓದಿ ಪ್ರಕಟಿಸಿದರು. ಸೋಜಿಗದ ಸಂಗತಿಯೆಂದರೆ, ಅದರಲ್ಲಿ ದತ್ತಿಯಾಗಿ ಕೊಟ್ಟ ಸುಳ್ಳಿಯೂರು ಕೋಲಾರದ ಸೀಮೆಯದಲ್ಲ. ಪಾನುಂಗಲ್ಲು, ಎಂದರೆ ಇಂದಿನ ಹಾನಗಲ್ಲಿನ ಸೀಮೆಯದು. ಅಲ್ಲಿಯ ಭೂಮಿಯ ಪತ್ರವು ಇನ್ನೂರು ಮೈಲಿಗೂ ಹೆಚ್ಚು ದೂರದ ಈ ಊರಿಗೆ ಬಂದದ್ದು ಹೇಗೆ? ಯಾರು ತಂದರೆಂದು ತಾಮ್ರದ ತಗಡುಗಳು ಹೇಳುವುದಿಲ್ಲ. ಆದರೆ ದಾನ ಪಡೆದ ಮನೆತನದವರೋ ಅವರ ವಂಶಜರೋ ಹುಟ್ಟಿದ ಸೀಮೆಯನ್ನು ಬಿಟ್ಟು ಬರುವಾಗ ತಮ್ಮ ಹಕ್ಕಿನ ಪತ್ರವನ್ನು ಮಾತ್ರ ಬಿಡದೆ ತಂದಿರಬೇಕೆಂದು ಊಹಿಸುವುದು ಸಹಜ.

ಊರು ಬಿಟ್ಟು ಹೋಗುವುದು ಈ ಸೀಮೆಗೆ ಹೊಸದಲ್ಲ. ಹೊರಗಿನವರು ಇಲ್ಲಿಗೆ ಬರುವುದೂ ಹೊಸದಲ್ಲ. ಇಲ್ಲಿಂದ ಮೂಡಲಿಗಿರುವ ಚಿನ್ನದ ಗಣಿಯಲ್ಲಿ 1880ರ ದಶಕದಿಂದ ಜಾನ್ ಟೇಲರ್ ಕಂಪೆನಿಯವರು ಕೆಲಸ ನಡೆಸಿದಾಗ, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಸಮುದ್ರ ದಾಟಿ ಬಂದರು. ಅವರ ನಾಡಿನ ತಾಮ್ರ, ತವರದ ಗಣಿಗಳು ಸೊರಗಿದ್ದುದೇ ಅದಕ್ಕೆ ಕಾರಣ. ತಮಿಳು ಸೀಮೆಯಿಂದ ಕೂಲಿಗಾರರು ಕುಟುಂಬ ಸಮೇತ ಬಂದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆ ಮೇಲೆ ಆ ಗಣಿಗಾರರ ಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಅನ್ನವಿದ್ದೆಡೆಗೆ ಮನುಷ್ಯನು ನಡೆಯುವನು. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಬೆಟ್ಟದಿಂದ ಇಳಿದು ದಣಿದಿದ್ದ ನಮಗೆ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದ ಮುದುಕಿಯು ಮಜ್ಜಿಗೆ ಕೊಟ್ಟು ಉಪಚರಿಸಿದಳು. ಮಾತಿಗೆ ಮಾತು ಬೆಳೆದು, ಆಕೆಯ ಹಿರಿಯ ಮಗನು ಕತಾರ್ ದೇಶದಲ್ಲಿ ಒಂದು ಮನೆಯ ಕಾರು ನಡೆಸುವನೆಂದು ತಿಳಿಯಿತು. ಎರಡು ಎಕರೆ ಹೊಲ. ಕೊರೆಸಿದ ಎರಡು ಕೊಳವೆ ಬಾವಿಗಳೂ ಬತ್ತಿಹೋದುವು. ಮಗಳ ಮದುವೆಯ ಸಾಲ ಬೇರೆ. ಟೊಮೇಟೊ ಹೇರಿದ ಟೆಂಪೋವನ್ನು ಕೋಲಾರದ ಮಂಡಿಗೆ ಹೊಡೆಯುತ್ತಿದ್ದ ಹುಡುಗನು ದಲ್ಲಾಳಿಯೊಬ್ಬನಿಗೆ ಲಕ್ಷಕ್ಕೂ ಮಿಕ್ಕು ಹಣ ತೆತ್ತು ವಿಮಾನ ಹತ್ತಿದನು.

ಹೋದ ದಿನವೇ ಯಜಮಾನನು ಆತನ ಪಾಸ್‌ಪೋರ್ಟನ್ನು ತೆಗೆದು ಬೀರುವಿನಲ್ಲಿಟ್ಟನು. 2017ರಲ್ಲಿ ಇಲ್ಲಿ ತಂದೆ ತೀರಿಕೊಂಡಾಗ, ಯಜಮಾನನ ಅಪ್ಪಣೆಯಿಲ್ಲದೆ ದೇಶ ಬಿಡುವಂತಿರಲಿಲ್ಲ, ಯಜಮಾನನೋ ಪ್ರವಾಸದಲ್ಲಿದ್ದನು.

“ಮಣ್ಣು ಮಾಡುವಾಗ ಚಿಕ್ಕ ಮಗ ಇದ್ದ, ಸ್ವಾಮಿ. ದೊಡ್ಡೋನು ಬರೋ ಹೊತ್ತಿಗೆ ತಿಥಿಯೂ ಮುಗಿದಿತ್ತು” ಎಂದು ಹೇಳಿ ಆಕೆ ಸುಮ್ಮನಾದಳು. ನಾವೂ ಸುಮ್ಮನಿದ್ದೆವು.

ಆತನಿಗೆ ತಿಳಿಯದಿದ್ದ ಕೆಲವು ಸಂಗತಿಗಳನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಕೆಲಸಗಾರನು ತಾನಾಗಿ ಬರೆದುಕೊಟ್ಟು ಕೇಳಿದ ಹೊರತು ಪಾಸ್‌ಪೋರ್ಟನ್ನು ಯಜಮಾನನು ಇಟ್ಟುಕೊಳ್ಳಕೂಡದೆಂದು ಕತಾರಿನ 2015ರ ಕಾನೂನೇ ಹೇಳುತ್ತದೆ. ತಪ್ಪಿದವನಿಗೆ 25,000 ರಿಯಾಲುಗಳವರೆಗೆ ದಂಡ. ಹೊರಹೋಗುವ ಅಪ್ಪಣೆಯ ಕಟ್ಟನ್ನು 2018ರಲ್ಲಿ ಹೆಚ್ಚಿನ ಕೆಲಸಗಾರರಿಗೂ, 2020ರ ಜನವರಿಯಲ್ಲಿ ಮನೆಗೆಲಸದವರಿಗೂ ತೆಗೆದುಹಾಕಿದರು. 2021ರ ಮಾರ್ಚಿಯಿಂದ ತಿಂಗಳಿಗೆ 1,000 ರಿಯಾಲುಗಳ ಕನಿಷ್ಠ ವೇತನವೂ ಗೊತ್ತಾಯಿತು. ನಮ್ಮ ದೇಶದಲ್ಲಿಯಾದರೋ, 1983ರ ವಲಸೆ ಕಾಯಿದೆಯ ನಿಯಮಗಳ ಮೇರೆಗೆ, ನೋಂದಾಯಿತ ದಲ್ಲಾಳಿಯು ಪಡೆಯಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯೆಂಬ ಮಿತಿ ಉಂಟು. ಹತ್ತನೆಯ ತರಗತಿ ದಾಟದವರು ಕೊಲ್ಲಿ ನಾಡುಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ಅನುಮತಿಯನ್ನೂ, 10 ಲಕ್ಷ ರೂಪಾಯಿಗಳ ಪ್ರವಾಸಿ ವಿಮೆಯನ್ನೂ ಪಡೆಯಬೇಕೆಂಬ ವಿಧಿಯನ್ನು ಅವರ ರಕ್ಷಣೆಗಾಗಿಯೇ ಮಾಡಿದ್ದಾರೆ. ಭೇಟಿಯ ವೀಸಾದಲ್ಲಿ ಕಳುಹಿಸುವೆನೆನ್ನುವ ದಲ್ಲಾಳಿಯು ಈ ರಕ್ಷಣೆಯನ್ನೆಲ್ಲ ತಪ್ಪಿಸಿಬಿಡುವನು.

ಇಷ್ಟಾದ ಮೇಲೂ ಮಗನು ಮತ್ತೆ ಏಕೆ ಹೋದನೆಂದು ಕೇಳಿದೆವು. “ಸಾಲ ತೀರಬೇಕಲ್ಲ” ಎಂದಳು ತಾಯಿ. ಆದರೆ ಈ ಸಲ ಆತನು ಬೇರೆ ಮನೆಯಲ್ಲಿರುವನು. ಪಾಸ್‌ಪೋರ್ಟನ್ನು ಯಾರ ಕೈಗೂ ಕೊಟ್ಟಿಲ್ಲ. ಆಕೆ ಒಳಗೆ ಹೋಗಿ ತಗಡಿನ ಪೆಟ್ಟಿಗೆಯನ್ನು ತಂದು ತೆರೆದಳು. ಹೊಲದ ಪಹಣಿ, ಗಂಡನ ಮರಣಪತ್ರ, ಅವುಗಳ ಕೆಳಗೆ ಮಗನ ಪಾಸ್‌ಪೋರ್ಟು, ಕರಾರುಪತ್ರಗಳ ನಕಲುಗಳು. ಆಕೆಗೆ ಓದು ಬಾರದು. ಆದರೂ ಒಂದೊಂದನ್ನೂ ಗುರುತಿಸಿ ತೋರಿಸಿದಳು.

ಮನೆಯಿಂದ ಯಾರಾದರೂ ದೂರದೇಶಕ್ಕೆ ಹೊರಟರೆ ಹುರಿಟ್ಟು, ಉಪ್ಪಿನಕಾಯಿ ಕಟ್ಟಿಕೊಡುವುದು ನಮ್ಮ ತಾಯಂದಿರ ವಾಡಿಕೆ. ಅದರ ಜತೆಗೆ ಕರಾರನ್ನು ಓದಿಸಿ ಕೇಳುವುದು, ಒಂದು ನಕಲನ್ನು ಮನೆಯಲ್ಲಿ ಇಟ್ಟುಕೊಳ್ಳುವುದು, ಇವೂ ವಾಡಿಕೆಯಾದರೆ ಎಷ್ಟೋ ಕಣ್ಣೀರು ತಪ್ಪೀತು. ಹೊತ್ತು ಇಳಿಯುವಾಗ ನಾವು ವಕ್ಕಲೇರಿಯನ್ನು ಬಿಟ್ಟೆವು. ಜಗಲಿಯಲ್ಲಿ ನಿಂತ ಆ ತಾಯಿ, “ಮಗ ಬಂದಾಗ ಇನ್ನೊಂದು ಸಲ ಬನ್ನಿ” ಎಂದು ಕರೆದಳು.