ಹಾಜರಿಲ್ಲದ ಮಗುವಿನ ಅಂಕ

ಹೊಸಪೇಟೆಯಲ್ಲಿ, ಮುಂದೆ ಶಿಕ್ಷಕರಾಗಲಿರುವವರಿಗೆ ಪಾಠ ಮಾಡುವುದು ನನ್ನ ಕೆಲಸ. ನಮ್ಮ ವಿದ್ಯಾರ್ಥಿಗಳು ಬೋಧನಾಭ್ಯಾಸಕ್ಕೆಂದು ಊರಿನ ಶಾಲೆಗಳಿಗೂ, ಕಮಲಾಪುರ, ಹಂಪಿ, ಕಂಪ್ಲಿ, ಸಂಡೂರು ಕಡೆಯ ಶಾಲೆಗಳಿಗೂ ಹೋಗುತ್ತಾರೆ. ಅಲ್ಲಿ ಪ್ರತಿಯೊಬ್ಬರೂ ಒಂದು ಕ್ರಿಯಾ ಸಂಶೋಧನೆ ಮಾಡಿ ವರದಿ ಬರೆಯಬೇಕು. ವರ್ಷದ ಕೊನೆಗೆ ಆ ವರದಿಗಳೆಲ್ಲ ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ನನ್ನ ಮೇಜಿಗೆ ಬರುತ್ತವೆ. ಭಿನ್ನರಾಶಿ ಕೂಡುವಾಗಿನ ತಪ್ಪುಗಳು, ಒತ್ತಕ್ಷರ ಓದುವಾಗಿನ ತೊಡಕು, ನಕ್ಷೆ ಗುರುತಿಸುವ ಸಮಸ್ಯೆ ಹೀಗೆ ವಿಷಯಗಳು ಬೇರೆ ಬೇರೆ. ಕಥೆ ಮಾತ್ರ ಒಂದೇ. ಮೊದಲು ಒಂದು ಪೂರ್ವ ಪರೀಕ್ಷೆ. ಆಮೇಲೆ ಮೂರು ವಾರ ಮಿಂಚುಪಟ್ಟಿ, ಆಟ, ಹಾಡು. ಕೊನೆಗೆ ಇನ್ನೊಂದು ಪರೀಕ್ಷೆ. ಅದರ ಕೆಳಗೆ ಬಣ್ಣ ತುಂಬಿದ ಎರಡು ಕಂಬಗಳ ನಕ್ಷೆ: ಮೊದಲನೆಯದು ಗಿಡ್ಡ, ಎರಡನೆಯದು ಎತ್ತರ. 'ಈ ಚಟುವಟಿಕೆಯಿಂದ ಮಕ್ಕಳ ಕಲಿಕೆಯಲ್ಲಿ ಗಣನೀಯ ಸುಧಾರಣೆ ಕಂಡುಬಂದಿದೆ' ಎಂಬ ವಾಕ್ಯದೊಂದಿಗೆ ಮಂಗಳ.

ಇಷ್ಟು ವರ್ಷಗಳಲ್ಲಿ ಎರಡನೆಯ ಕಂಬ ಗಿಡ್ಡವಾಗಿದ್ದ ಒಂದು ವರದಿಯನ್ನೂ ನಾನು ಕಂಡಿಲ್ಲ. ಒಂದು ಔಷಧಿ ಅಂಗಡಿಯ ಯಾವ ಗುಳಿಗೆ ನುಂಗಿದರೂ ಯಾವ ಕಾಯಿಲೆಯಾದರೂ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾವು ಅಂಗಡಿಯವನ ಮುಖ ನೋಡುತ್ತೇವೆ. ಶಾಲೆಯ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

ನಮ್ಮ ಹುಡುಗ ಹುಡುಗಿಯರು ಸುಳ್ಳು ಬರೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅಂಕಗಳು ನಿಜವಾಗಿಯೂ ಏರಿರುತ್ತವೆ. ಆದರೆ ಮೂರು ವಾರದಲ್ಲಿ ಮಕ್ಕಳು ಏನೂ ಮಾಡದಿದ್ದರೂ ಒಂದಿಷ್ಟು ಕಲಿಯುತ್ತಾರೆ. ಅದೇ ತರಗತಿಗೆ ಕಾಯಂ ಶಿಕ್ಷಕಿಯೂ ಪಾಠ ಮಾಡುತ್ತಿರುತ್ತಾರೆ. ಒಮ್ಮೆ ನೋಡಿದ ಪ್ರಶ್ನೆಪತ್ರಿಕೆ ಎರಡನೆಯ ಸಲ ಸುಲಭವಾಗುತ್ತದೆ. ಅಕ್ಕರೆಯಿಂದ ಮಾತಾಡಿಸುವ ಹೊಸ ಅಕ್ಕನೊಬ್ಬಳು ಬಂದಳೆಂಬ ಖುಷಿಗೇ ಮಕ್ಕಳು ಚುರುಕಾಗುತ್ತಾರೆ. ಇದರಲ್ಲಿ ಮಿಂಚುಪಟ್ಟಿಯ ಪಾಲೆಷ್ಟು? ಎರಡು ಕಂಬಗಳು ಅದನ್ನು ಹೇಳಲಾರವು. ಮಿಂಚುಪಟ್ಟಿ ಇಲ್ಲದಿದ್ದರೆ ಇದೇ ಮಕ್ಕಳು ಎಲ್ಲಿರುತ್ತಿದ್ದರು ಎಂಬುದು ಗೊತ್ತಾಗಬೇಕು. ಅದನ್ನು ನೋಡಲು ಯಾರಿಗೂ ಸಾಧ್ಯವಿಲ್ಲ. ಅದಕ್ಕೆ ಹತ್ತಿರದ ಒಂದು ಹೋಲಿಕೆಯನ್ನು ಹುಡುಕಿಕೊಳ್ಳಬಹುದು, ಅಷ್ಟೇ. ಶಾಲೆಗಳಲ್ಲಿ ಪ್ರಯೋಗ ಮಾಡುವ ವಿದ್ಯೆಯೆಲ್ಲ ಈ ಹೋಲಿಕೆಯನ್ನು ಹುಡುಕುವ ವಿದ್ಯೆಯೇ.

ನಮ್ಮ ಸೀಮೆಯಲ್ಲಿ ನಿಂತು ಯೋಚಿಸಿದರೆ ಇದರ ಕಷ್ಟ ಬೇಗ ತಿಳಿಯುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಜೂನ್‌ನಲ್ಲಿ ಸಂಡೂರಿನ ಒಂದು ಶಾಲೆಯಲ್ಲಿ ಪೂರ್ವ ಪರೀಕ್ಷೆ ಮಾಡಿ, ಮುಂದಿನ ಮಾರ್ಚ್‌ನಲ್ಲಿ ಇನ್ನೊಂದು ಪರೀಕ್ಷೆ ಮಾಡಿದವರು ಯಾರಾದರೂ ಇದ್ದಿದ್ದರೆ ಅವರು ಅಳೆದದ್ದು ತಮ್ಮ ಚಟುವಟಿಕೆಯನ್ನೋ, ಅಪ್ಪನ ಕೆಲಸ ಹೋದ ಮನೆಯನ್ನೋ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋದಾಗ ಕಾಲುವೆಯ ನೀರನ್ನು ನಂಬಿದ ಊರುಗಳಲ್ಲಿ ಬೇರೆ ಮಾತೇ ಇರಲಿಲ್ಲ. ನದಿಗೆ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಆಚೆ ದಡದಿಂದ ಬರುವ ಮೇಷ್ಟ್ರು ಸುತ್ತು ಹಾಕಿ ಬರಬೇಕು. ಹಂಪಿಯಲ್ಲಿ ಚಳಿಗಾಲ ಪ್ರವಾಸಿಗರ ಸುಗ್ಗಿ. ಮನೆಯವರ ಅಂಗಡಿಗೆ ಇನ್ನೆರಡು ಕೈ ಬೇಕು. ಜುಲೈ ತಿಂಗಳ ಮಗು ಮತ್ತು ಜನವರಿ ತಿಂಗಳ ಮಗು ಒಂದೇ ಅಲ್ಲ. 'ಮೊದಲು' ಮತ್ತು 'ಆಮೇಲೆ' ಇವೆರಡರ ನಡುವೆ ನಮ್ಮ ಚಟುವಟಿಕೆಯೊಂದೇ ನಡೆದಿರುವುದಿಲ್ಲ, ಲೋಕವೂ ನಡೆದಿರುತ್ತದೆ.

ಹಾಗಾದರೆ ಪಕ್ಕದ ಶಾಲೆಯೊಂದಿಗೆ ಹೋಲಿಸಿದರಾಯಿತಲ್ಲ? ಯಾವ ಶಾಲೆ ಪಕ್ಕದ್ದು? ಹೊಸಪೇಟೆ ಪಟ್ಟಣದ ನಾಲ್ಕನೇ ತರಗತಿಯಲ್ಲಿ ಕನ್ನಡದ ಜೊತೆ ಉರ್ದು, ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ಸಂಡೂರಿನ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದುತ್ತದೆ. ಇಬ್ಬರ ಮುಂದೂ ಒಂದೇ ಹಾಳೆ ಇಟ್ಟು ಅಂಕ ಹಾಕಿದರೆ ಓದಿನ ಜೊತೆಗೆ ಮನೆಮಾತನ್ನೂ ಅಳೆದಂತಾಯಿತು. ಕೆನ್ಯಾ ದೇಶದ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಹಂಚಿ ನೋಡಿದ ಪ್ರಯೋಗವೊಂದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಪುಸ್ತಕದಿಂದ ಲಾಭವಾದದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅಲ್ಲಿನ ಬಹುಪಾಲು ಮಕ್ಕಳಿಗೆ ಅದು ಮೂರನೆಯ ಭಾಷೆ. ಅದನ್ನು ಕೇಳಿದಾಗ ನಮ್ಮ ಹುಡುಗರು ನಗುವುದಿಲ್ಲ. ತಮ್ಮ ಶಾಲೆಯ ದಿನಗಳು ಅವರಿಗೆ ನೆನಪಾಗುತ್ತವೆ.

ಹೋಲಿಕೆಯ ಕಷ್ಟ ದೊಡ್ಡವರನ್ನೂ ಬಿಟ್ಟಿಲ್ಲ. 2002ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ರಾಜ್ಯ ಸರ್ಕಾರದೊಂದಿಗೆ ಸೇರಿ ಈಶಾನ್ಯ ಕರ್ನಾಟಕದಲ್ಲಿ 'ಕಲಿಕಾ ಖಾತ್ರಿ' ಎಂಬ ಕಾರ್ಯಕ್ರಮ ಆರಂಭಿಸಿತು. ನಮ್ಮ ಬಳ್ಳಾರಿ ಜಿಲ್ಲೆಯೂ ಅದರಲ್ಲಿತ್ತು. ಮಕ್ಕಳು ನಿಜವಾಗಿ ಕಲಿತಿದ್ದಾರೆಂದು ತೋರಿಸಿದ ಶಾಲೆಗೆ ಬಹುಮಾನ. ಬಾಯಿಪಾಠ ಬಿಟ್ಟು ಅರ್ಥ ಕೇಳುವ ಪರೀಕ್ಷೆಗಳು ನಮ್ಮ ಕಡೆಯ ಶಾಲೆಗಳಿಗೆ ಹೊಸ ಗಾಳಿ ತಂದವು. ಆದರೆ ಅದಕ್ಕೆ ಶಾಲೆಗಳು ತಾವಾಗಿಯೇ ಹೆಸರು ಕೊಡಬೇಕಿತ್ತು. ಧೈರ್ಯದಿಂದ ಹೆಸರು ಕೊಡುವ ಶಾಲೆಯಲ್ಲಿ ಒಳ್ಳೆಯ ಮುಖ್ಯೋಪಾಧ್ಯಾಯರು ಮೊದಲೇ ಇದ್ದಿರಬಹುದು. ಹೆಸರು ಕೊಟ್ಟವರನ್ನು ಕೊಡದವರ ಜೊತೆ ಹೋಲಿಸಿದರೆ ಕಾರ್ಯಕ್ರಮದ ಫಲ ಯಾವುದು, ಧೈರ್ಯದ ಫಲ ಯಾವುದು ಎಂದು ಬಿಡಿಸುವುದು ಕಷ್ಟ.

ಬಿಸಿಯೂಟದ ಮೊಟ್ಟೆಯ ಕಥೆಯೂ ಹೀಗೇ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಶುರುವಾದಾಗ ಎಷ್ಟು ಗದ್ದಲವಾಯಿತೆಂದು ಎಲ್ಲರಿಗೂ ಗೊತ್ತು. ಆ ಗದ್ದಲದ ನಡುವೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಒಂದು ಸರಳ ಕೆಲಸ ಮಾಡಿತು: ಮೊಟ್ಟೆ ತಿನ್ನುವ ಯಾದಗಿರಿಯ ಮಕ್ಕಳನ್ನೂ, ಆಗಿನ್ನೂ ಮೊಟ್ಟೆ ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಮರುವರ್ಷ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. ಎರಡು ಜಿಲ್ಲೆಗಳು ಹತ್ತು ವಿಷಯಗಳಲ್ಲಿ ಬೇರೆ ಎಂದು ಯಾರಾದರೂ ಆಕ್ಷೇಪ ತೆಗೆಯಬಹುದು, ಅದು ನ್ಯಾಯವೇ. ಆದರೂ ಎರಡು ಕಂಬಗಳಿಗಿಂತ ಇದು ಮೇಲು. ಇಲ್ಲಿ ಮೊಟ್ಟೆ ತಿನ್ನದ ಮಗುವೂ ಲೆಕ್ಕಕ್ಕೆ ಬಂದಿದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದೆಂದರೆ ಚೀಟಿ ಎತ್ತುವುದು. ಕಂಪ್ಲಿಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಭತ್ತದ ತಳಿಯನ್ನು ಕಾಲುವೆ ಪಕ್ಕದ ಒಳ್ಳೆಯ ಮಡಿಗೆ ಹಾಕಿ, ಹಳೆಯದನ್ನು ಚೌಳು ಮಣ್ಣಿಗೆ ಹಾಕಿ, 'ಹೊಸದೇ ಮೇಲು' ಎಂದರೆ ಅವರು ನಕ್ಕುಬಿಡುತ್ತಾರೆ. ಯಾವ ಮಡಿಗೆ ಯಾವ ತಳಿ ಎಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಅದೃಷ್ಟಕ್ಕೆ ಬಿಡಬೇಕೆಂದು ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಹೊಲಗಳಲ್ಲಿ ಕೆಲಸ ಮಾಡುತ್ತ ಹೇಳಿದವನು ರೊನಾಲ್ಡ್ ಫಿಶರ್. ಅದೇ ಮಾತು ಶಾಲೆಗೂ ಬಂತು. ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ 2005ರಲ್ಲಿ ಶುರುವಾದ ಅಧ್ಯಯನವೊಂದರಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 500 ಸರ್ಕಾರಿ ಶಾಲೆಗಳನ್ನು ಚೀಟಿ ಎತ್ತಿದಂತೆ ನೂರು ನೂರರ ಐದು ಗುಂಪು ಮಾಡಿದರು. ಎರಡು ಗುಂಪಿಗೆ ಮಕ್ಕಳ ಕಲಿಕೆ ನೋಡಿ ಶಿಕ್ಷಕರಿಗೆ ಬೋನಸ್, ಒಂದಕ್ಕೆ ಹೆಚ್ಚುವರಿ ಗುತ್ತಿಗೆ ಶಿಕ್ಷಕ, ಒಂದಕ್ಕೆ ನೋಟುಪುಸ್ತಕ ಇತ್ಯಾದಿಗೆ ನಗದು ಅನುದಾನ, ಕೊನೆಯದಕ್ಕೆ ಏನೂ ಇಲ್ಲ. ಅನುದಾನದ ಗುಂಪಿನಲ್ಲಿ ಮೊದಲ ವರ್ಷ ಅಂಕ ಏರಿತು. ಎರಡನೆಯ ವರ್ಷ ಏರಲಿಲ್ಲ. ಶಾಲೆಯಲ್ಲೇ ಕೊಡುತ್ತಾರೆಂದು ಗೊತ್ತಾದ ಮೇಲೆ ಅಪ್ಪ ಅಮ್ಮ ತಾವು ಕೊಡಿಸುತ್ತಿದ್ದುದನ್ನು ಕಡಿಮೆ ಮಾಡಿದ್ದರು. ಬಡವರ ಮನೆಯಲ್ಲಿ ಅದು ತಪ್ಪಲ್ಲ, ವಿವೇಕ. ಆದರೆ ಹೋಲಿಕೆಯ ಗುಂಪು ಇಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ಪಾಠ ಮುಗಿದ ದಿನ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಸಂಡೂರು ಕಡೆಯವಳು. "ಸರ್, ಆ ಏನೂ ಸಿಗದ ನೂರು ಸಾಲ್ಯಾಗಿನ ಹುಡುಗ್ರು ಏನ್ ಪಾಪ ಮಾಡಿದ್ರು?" ಎಂದಳು.

ತರಗತಿ ಸುಮ್ಮನಾಯಿತು. ಅದಕ್ಕೆ ಪುಸ್ತಕದ ಉತ್ತರವಿದೆ: ಚಟುವಟಿಕೆ ಒಳ್ಳೆಯದೆಂದು ಇನ್ನೂ ಗೊತ್ತಿಲ್ಲ, ಗೊತ್ತಿದ್ದರೆ ಪ್ರಯೋಗವೇ ಬೇಡ, ಎಲ್ಲರಿಗೂ ಕೊಡುವಷ್ಟು ನಮ್ಮಲ್ಲಿ ಇಲ್ಲ. ಎರಡೂ ನಿಜ. ಆದರೆ ಅವಳು ಕೇಳಿದ್ದು ತರ್ಕವನ್ನಲ್ಲ. ಬಿಟ್ಟುಹೋದವರ ಸಾಲಿನಲ್ಲಿ ತನ್ನ ತಾಂಡಾ ಯಾವಾಗಲೂ ಮೊದಲಿರುವುದನ್ನು ಅವಳು ಕಂಡಿದ್ದಳು. ಅವಳ ಪ್ರಶ್ನೆಯಿಂದಲೇ ನಮ್ಮ ಈ ವರ್ಷದ ಕೆಲಸ ಹುಟ್ಟಿತು. ಒಬ್ಬೊಬ್ಬರದೂ ಒಂದೊಂದು ವರದಿ ಬೇಡ, ಎಲ್ಲರೂ ಸೇರಿ ಒಂದೇ ಅಧ್ಯಯನ ಮಾಡೋಣ ಎಂದುಕೊಂಡೆವು.

ಪ್ರಶ್ನೆ ಚಿಕ್ಕದು. ನಲಿ-ಕಲಿ ಮುಗಿಸಿ ನಾಲ್ಕು, ಐದನೇ ತರಗತಿಗೆ ಬಂದೂ ಸರಾಗವಾಗಿ ಓದಲಾರದ ಮಕ್ಕಳನ್ನು ತರಗತಿಯ ಬದಲು ಓದಿನ ಮಟ್ಟ ನೋಡಿ ಗುಂಪು ಮಾಡಿ, ದಿನಕ್ಕೊಂದು ತಾಸು ಕಥೆಯ ಕಾರ್ಡುಗಳಿಂದ ಓದಿಸಿದರೆ ನಮ್ಮ ಕಡೆ ಏನಾಗುತ್ತದೆ? ಪ್ರಥಮ್ ಸಂಸ್ಥೆ ಇಂಥದನ್ನು ಎಷ್ಟೋ ಕಡೆ ಮಾಡಿದೆ. 'ಓದು ಕರ್ನಾಟಕ' ಎಂಬ ಹೆಸರಿನಲ್ಲಿ ನಮ್ಮ ರಾಜ್ಯಕ್ಕೂ ಬಂದಿತ್ತು. ಎಂಟು ಶಾಲೆಗಳು: ಹೊಸಪೇಟೆಯಲ್ಲಿ ಎರಡು, ಹಂಪಿ–ಕಮಲಾಪುರದ ಕಡೆ ಎರಡು, ಸಂಡೂರಿನಲ್ಲಿ ಎರಡು, ಕಂಪ್ಲಿಯಲ್ಲಿ ಎರಡು. ಪ್ರತಿ ಜೋಡಿಯೊಳಗೆ ಚೀಟಿ. ಹೀಗೆ ಮಾಡಿದರೆ ತಾಂಡಾದ ಶಾಲೆಗೆ ತಾಂಡಾದ ಶಾಲೆಯೇ ಜೊತೆ. ಗದ್ದೆಯ ಊರಿಗೆ ಗದ್ದೆಯ ಊರೇ. ಚೀಟಿ ಎತ್ತುವುದು ಶಾಲೆಗೆ, ಮಗುವಿಗಲ್ಲ. ಒಂದೇ ತರಗತಿಯ ಅರ್ಧ ಮಕ್ಕಳಿಗೆ ಕಾರ್ಡು ಕೊಟ್ಟರೆ ಬಿಸಿಯೂಟದ ಹೊತ್ತಿಗೆ ಅವು ಉಳಿದ ಅರ್ಧದ ಕೈಯಲ್ಲಿರುತ್ತವೆ; ಹಾಗೆ ಆಗಲೂಬೇಕು. ಮೊದಲ ಚೀಟಿಯವರಿಗೆ ಜುಲೈನಲ್ಲಿ, ಎರಡನೆಯವರಿಗೆ ದಸರಾ ರಜೆ ಮುಗಿದ ಮೇಲೆ. ಯಾರಿಗೂ 'ಇಲ್ಲ' ಇಲ್ಲ, 'ಆಮೇಲೆ' ಇದೆ. ಆ ನಡುವಿನ ತಿಂಗಳುಗಳೇ ನಮಗೆ ಸಿಗುವ ಹೋಲಿಕೆ. ಎಂಟು ಶಾಲೆಗಳಿಂದ ಸಣ್ಣ ವ್ಯತ್ಯಾಸ ಕಾಣುವುದಿಲ್ಲ, ದೊಡ್ಡದಿದ್ದರೆ ಮಾತ್ರ ಕಂಡೀತು ಎಂಬುದನ್ನೂ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇವೆ. ಯಾವುದನ್ನು ಗೆಲುವೆನ್ನುತ್ತೇವೆ, ಯಾವುದನ್ನು ಸೋಲೆನ್ನುತ್ತೇವೆ ಎಂದು ಈಗಲೇ ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೇವೆ. ಅಂಕ ಬಂದ ಮೇಲೆ ಗುರಿಯನ್ನು ಸರಿಸುವ ಆಸೆ ಎಂಥವರಿಗೂ ಬರುತ್ತದೆ.

ಇಡೀ ಯೋಜನೆಯಲ್ಲಿ ನಾವು ಹೆಚ್ಚು ಹೊತ್ತು ವಾದಿಸಿದ್ದು ಒಂದು ಲೆಕ್ಕದ ಮೇಲೆ. ತರಗತಿಯಲ್ಲಿ ಹತ್ತು ಮಕ್ಕಳಿದ್ದಾರೆ ಎಂದುಕೊಳ್ಳಿ. ಏಳು ಮಕ್ಕಳಿಗೆ ಆರು ಅಂಕ, ಮೂವರಿಗೆ ಎರಡು ಅಂಕ. ಸರಾಸರಿ 4.8. ಎರಡನೆಯ ಪರೀಕ್ಷೆಯ ದಿನ ಆ ಮೂವರು ಬರಲಿಲ್ಲ. ಉಳಿದ ಏಳು ಮಕ್ಕಳು ಅದೇ ಆರು ಅಂಕ ತೆಗೆದರು. ಸರಾಸರಿ 6. ಯಾರೂ ಒಂದು ಅಕ್ಷರ ಹೆಚ್ಚು ಕಲಿತಿಲ್ಲ, ಕಲಿಕೆ ಮಾತ್ರ ಶೇಕಡಾ 25 ಸುಧಾರಿಸಿದೆ! ಕಪ್ಪುಹಲಗೆಯ ಮೇಲೆ ಇದನ್ನು ಬರೆದಾಗ ಒಬ್ಬ ತನ್ನ ಹಿರಿಯರೊಬ್ಬರ ಹಳೆಯ ವರದಿ ತೆಗೆದು ಪುಟ ತಿರುವತೊಡಗಿದ.

ಬಾರದ ಆ ಮೂವರು ಯಾರೆಂದು ನಮ್ಮ ಕಡೆಯವರಿಗೆ ಕೇಳಬೇಕಿಲ್ಲ. ಕಂಪ್ಲಿಯಲ್ಲಿ ನಾಟಿ ಶುರುವಾದರೆ ಬೆಂಚುಗಳು ಖಾಲಿಯಾಗುತ್ತವೆ. ತಾಂಡಾದಿಂದ ಮನೆಮಂದಿಯೆಲ್ಲ ದುಡಿಯಲು ಹೋದರೆ ಮಗುವೂ ಹೋಗುತ್ತದೆ. ಯಾರಿಗಾಗಿ ಈ ಪ್ರಯೋಗವೋ ಅವರೇ ಲೆಕ್ಕದಿಂದ ಜಾರುತ್ತಾರೆ. ಜಾರಿದ್ದರಿಂದಲೇ ಲೆಕ್ಕ ಚಂದ ಕಾಣುತ್ತದೆ. ಹಾಗಾಗಿ ಪರೀಕ್ಷೆಯ ದಿನದ ನಂತರ ಎರಡು ದಿನಗಳನ್ನು ಬರದವರನ್ನು ಹುಡುಕಿಕೊಂಡು ಹೋಗಲು ಎಂದೇ ಇಟ್ಟಿದ್ದೇವೆ. ಸಿಕ್ಕರೆ ಅಲ್ಲೇ ಓದಿಸುವುದು. ಸಿಗದಿದ್ದರೆ ಹೆಸರಿನ ಮುಂದೆ ಏಕೆ ಎಂದು ಬರೆಯುವುದು. ಹೆಸರು ಮಾತ್ರ ಹೊಡೆದುಹಾಕುವಂತಿಲ್ಲ.

ಪೂರ್ವ ಪರೀಕ್ಷೆಯಲ್ಲೇ ಇದರ ಅಭ್ಯಾಸವಾಯಿತು. ಕಂಪ್ಲಿ ಬಳಿ ನಮ್ಮ ಇಬ್ಬರು ಹುಡುಗರು ಹಾಳೆ ಹಿಡಿದು ಗದ್ದೆಯ ಬದುವಿನ ಮೇಲೆ ಹೋದರು. ಸಸಿಮಡಿಯ ಹತ್ತಿರ ಅಮ್ಮನ ಜೊತೆ ನಿಂತಿದ್ದ ಐದನೇ ತರಗತಿಯ ಹುಡುಗಿ ಕೈ ತೊಳೆದುಕೊಂಡು ಬಂದು ಕುಳಿತಳು. ನಾಲ್ಕು ಸಾಲಿನಲ್ಲಿ ಎರಡನ್ನು ಅಕ್ಷರ ಕೂಡಿಸಿ ಓದಿದಳು. ಏಳುವಾಗ ಕೇಳಿದಳಂತೆ: "ಹಂಗಾದ್ರ ನನ್ ಹೆಸ್ರು ಇನ್ನೂ ಐತೇನ್ರಿ ಸಾಲ್ಯಾಗ?"

ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಸಿಕ್ಕಿದೆ, ಎಂಟೂ ಕಡೆ ಶಾಲಾಭಿವೃದ್ಧಿ ಸಮಿತಿಯ ಸಭೆಗಳಾಗಿವೆ, ಚೀಟಿಯನ್ನೂ ಎತ್ತಿಯಾಯಿತು. ಸಂಡೂರು ಕಡೆಯ ಶಾಲೆಯೊಂದಕ್ಕೆ ಎರಡನೆಯ ಚೀಟಿ ಬಂದಾಗ ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಸಮಾಧಾನ ಹೇಳಲು ನಾನು ಮಾತು ಹುಡುಕುತ್ತಿದ್ದೆ. ಅವರೇ ಹೇಳಿದರು: "ನಮ್ಮನ್ನ ಬಿಡೋದು ಹೊಸದಲ್ಲ ಬಿಡ್ರಿ. ಎಲ್ರ ಮುಂದ ಚೀಟಿ ಎತ್ತಿ ಬಿಟ್ಟಿದ್ದು ಇದೇ ಮೊದ್ಲು. ತಾರೀಖು ಹೇಳ್ರಿ." ಹೇಳಿದೆ. ಆಫೀಸು ಕೋಣೆಯ ಗೋಡೆಯ ಮೇಲೆ, ದಾಖಲಾತಿ ಪಟ್ಟಿಯ ಕೆಳಗೆ, ಅವರು ಸುಣ್ಣದ ಕಡ್ಡಿಯಲ್ಲಿ ದಪ್ಪಗೆ ಬರೆದರು: 'ದಸರಾ ಆದ ಸೋಮವಾರ – ಕಥೆ ಕಾರ್ಡು'. ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳಲ್ಲಿ ಒಬ್ಬ ಅದನ್ನು ಅಕ್ಷರ ಕೂಡಿಸಿ ಓದುತ್ತಿದ್ದ.