ಹಿಕ್ಕೆ ನೋಡಿ ಹುಳ ಹುಡುಕುವುದು

ತಾರಸಿಯ ಕರಿಬೇವಿನ ಕುಂಡಕ್ಕೆ ಮತ್ತೆ ಹುಳ ಬಂದಿದೆ. ಈಗಿನ್ನೂ ಎಳೆಯದು, ಕಂದು ಮೈಯ ಮೇಲೆ ಬಿಳಿ ಮಚ್ಚೆ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಎಂದೇ ತೋರುತ್ತದೆ. ಪೊರೆ ಕಳಚುತ್ತಾ ಹೋಗಿ ಕೊನೆಗೆ ಎಲೆಹಸಿರಾಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಬೆನ್ನು ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೋಡೊಂದು ಚಾಚಿ, ಘಾಟು ಹರಡಿ, ಮತ್ತೆ ಒಳಸೇರುತ್ತದೆ. ಇದನ್ನು ನೋಡಲೆಂದೇ ನಾನು ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕೂರುವುದು. ಬೆಳೆದರೆ ಅದು ಕಾಮನ್ ಮಾರ್ಮನ್ ಚಿಟ್ಟೆ.

ಹುಳ ಹುಡುಕುವವರೆಲ್ಲ ಎಲೆ ಮಗುಚುತ್ತಾರೆ. ನಾನು ಮೊದಲು ಹಿಕ್ಕೆ ನೋಡುತ್ತೇನೆ. ಸಂಜೆ ಕುಂಡದ ಮಣ್ಣಿನ ಮೇಲೆ ಹಳೆಯ ಕಾಗದ ಹಾಸಿಬಿಡಿ. ಬೆಳಿಗ್ಗೆ ಕಪ್ಪು ಕಾಳುಗಳು ಎಲ್ಲಿ ಬಿದ್ದಿವೆಯೋ ಅದರ ನೇರಕ್ಕೆ ಕತ್ತೆತ್ತಿದರೆ ಹುಳ ಅಲ್ಲೇ ಇರುತ್ತದೆ. ಹಿಕ್ಕೆ ಇದೆ, ಎಲೆ ತೂತಾಗಿದೆ, ಹುಳ ಮಾತ್ರ ಇಲ್ಲವೆಂದರೆ ಅದು ಹಗಲೆಲ್ಲ ಮಣ್ಣಲ್ಲಿ ಅಡಗುವ ಸ್ಪೊಡೊಪ್ಟೆರಾ ಪತಂಗದ ಮರಿ ಇದ್ದೀತು. ರಾತ್ರಿ ಟಾರ್ಚ್ ಹಿಡಿದೇ ಹೋಗಬೇಕು. ಅದರ ಮೇಲೆ ನನಗೆ ಕನಿಕರವಿಲ್ಲ. ಕಂದು ರೋಮ ಹೊದ್ದ ಒಂದು ಮೊಟ್ಟೆಮುದ್ದೆಯಲ್ಲಿ ನೂರಾರು ಮರಿಗಳಿರುತ್ತವೆ. ಆ ಎಲೆಯನ್ನೇ ಕಿತ್ತು ಸೋಪಿನ ನೀರಿಗೆ ಹಾಕುತ್ತೇನೆ.

ಆದರೆ ಎರಡಕ್ಕೂ ಒಂದೇ ಮದ್ದು ಹೊಡೆಯುವವರನ್ನು ಕಂಡರೆ ಮೈ ಉರಿಯುತ್ತದೆ. "ವಾರಕ್ಕೊಂದ್ಸಲ ಬೇವಿನೆಣ್ಣೆ ಹೊಡೀರಿ ಸಾರ್, ಆರ್ಗ್ಯಾನಿಕ್ಕು, ಏನೂ ಆಗಲ್ಲ." ಏನೂ ಆಗದಿದ್ದರೆ ಹೊಡೆಯುವುದೇಕೆ? ಬೇವಿನ ಅಜಾಡಿರಾಕ್ಟಿನ್ ಹುಳದ ಪೊರೆ ಬಿಡುವ ಕ್ರಿಯೆಯನ್ನೇ ಕೆಡಿಸುತ್ತದೆ. ಚಿಟ್ಟೆಯ ಮರಿ, ಪತಂಗದ ಮರಿ ಎಂಬ ಭೇದ ಅದಕ್ಕಿಲ್ಲ. ಇನ್ನು ಕೆಲವರು ಹುಳ ಕೊಲ್ಲುವ ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿ ತರುತ್ತಾರೆ. ಆ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದೇ ರೇಷ್ಮೆ ಹುಳು ಸಾಯುತ್ತಿದ್ದ ರೋಗದಲ್ಲಿ, 1901ರಲ್ಲಿ, ಜಪಾನಿನ ಇಶಿವಾಟ ಎಂಬ ವಿಜ್ಞಾನಿಗೆ.

ರೇಷ್ಮೆ ಎಂದಾಗ ರಾಮನಗರದ ಕಡೆಯ ಸಾಕಣೆ ಮನೆಗಳು ನೆನಪಾಗುತ್ತವೆ. ಅಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಅಲುಗಿಸುವುದಿಲ್ಲ. ನಾಲ್ಕು ಜ್ವರ ದಾಟಿ ಹಣ್ಣಾದ ಮೇಲೆ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಎಲೆ ತಿನ್ನುವ ಹುಳವನ್ನು ಇಷ್ಟು ಬಲ್ಲ ನಾಡಿನಲ್ಲಿ, ಹತ್ತು ಕುಂಡ ಇಟ್ಟುಕೊಂಡವರಿಗೆ ಕಣ್ಣು ಬಿಟ್ಟು ನೋಡುವ ವ್ಯವಧಾನವಿಲ್ಲವೆಂದರೆ ಒಪ್ಪಲಾಗದು. ಎಕರೆಗಟ್ಟಲೆ ಟೊಮೇಟೊ ಹಾಕಿದ ರೈತನ ಕಷ್ಟ ಬೇರೆ. ನಮ್ಮದು ಕೈಗೆಟುಕುವ ಗಿಡ.

ದಯವಿಟ್ಟು ಸ್ಪ್ರೇ ಬಾಟಲಿ ಎತ್ತುವ ಮುಂಚೆ ಅದು ಯಾವ ಹುಳವೆಂದು ನೋಡಿ. ಗೇಣುದ್ದದ ಸಸಿಯಾದರೆ ಹುಳವನ್ನು ಎಲೆಸಮೇತ ದೊಡ್ಡ ಗಿಡಕ್ಕೆ ದಾಟಿಸಿ. ಬಲಿತ ಕರಿಬೇವಾದರೆ ತಿನ್ನಲು ಬಿಡಿ. ಬೋಳಾದ ರೆಂಬೆ ಮತ್ತೆ ಚಿಗುರುತ್ತದೆ.